ಸೇಂಟ್ ಮೇರೀಸ್ ದ್ವೀಪದಲ್ಲಿ ಕೇಳಿದ ಬಾವಿಯ ಕತೆ

ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವವರಿಗೆ ಮೊದಲೇ ಹೇಳಿಬಿಡ್ತೇನೆ, ಜನ ತುಂಬುವವರೆಗೆ ಬೋಟ್ ಹೊರಡುವುದಿಲ್ಲ. "ಈಗ ಬಿಡ್ತೇವೆ, ಹತ್ತಿ" ಅಂತ ಟಿಕೆಟ್ ಕೊಟ್ಟವರು ನಮ್ಮನ್ನು ಸುಡುವ ಬಿಸಿಲಲ್ಲಿ ಒಂದು ಗಂಟೆಗಿಂತ ಜಾಸ್ತಿ ಕೂರಿಸಿದರು, ಕೇಳಿದರೆ ಮುಖ ಬೇರೆ ತಿರುಗಿಸಿದರು. ನೀರು, ಟೋಪಿ, ಜಾರದ ಚಪ್ಪಲಿ ಬೇಕೇ ಬೇಕು. ಮಳೆಗಾಲದಲ್ಲಿ ಬೋಟೇ ಇಲ್ಲ.

ಉಡುಪಿಯ ಉಳಿದ ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮಠ ನೋಡಿದೆವು, ದೋಸೆ ತಿಂದೆವು.

ದ್ವೀಪದಲ್ಲಿ ಮುಕ್ಕಾಲು ಜನ ಸೆಲ್ಫಿಗೇ ಬಂದವರು. ಕಲ್ಲಿನ ಕಂಬಗಳ ಮೇಲೆ ಹತ್ತಿ ನಿಂತವರಿಗೆ ಕಾಲಡಿ ಏನಿದೆ ಅಂತ ನೋಡುವ ಪುರುಸೊತ್ತಿಲ್ಲ. ನನ್ನ ಪುಣ್ಯಕ್ಕೆ ಜೊತೆಗೆ ಭಾವ ಇದ್ದರು, ಭೂವಿಜ್ಞಾನ ಓದಿದವರು. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಲಾವಾ ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಾಗ ಹೀಗಾಗುತ್ತದಂತೆ. ಕಲ್ಲಿನೊಳಗಿನ ಪೊಟ್ಯಾಸಿಯಂನ ಒಂದು ಬಗೆ ನಿಧಾನಕ್ಕೆ ಆರ್ಗಾನ್ ಆಗುತ್ತದೆ, ಅದನ್ನು ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಇಲ್ಲಿಯದು ಹೆಚ್ಚುಕಡಿಮೆ 9 ಕೋಟಿ ವರ್ಷ. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಇದೆ, ಆಗ ಎರಡೂ ನೆಲ ಬೇರೆಯಾಗುತ್ತಿದ್ದವು.

"ಆಗ ಇಲ್ಲಿ ಸಮುದ್ರ ಇತ್ತಾ?" ಅಂತ ಕೇಳಿದೆ.

"ನೀರಿನಡಿ ಲಾವಾ ಹರಿದರೆ ದಿಂಬಿನ ಹಾಗೆ ಉಂಡೆ ಉಂಡೆಯಾಗಿ ಗಟ್ಟಿಯಾಗುತ್ತದೆ. ಇಲ್ಲಿ ಅಂಥದ್ದು ಕಾಣ್ತದಾ? ಇದು ಒಣ ನೆಲದ ಲಾವಾ" ಅಂದರು. ಸುತ್ತ ಎಲ್ಲಿ ನೋಡಿದರೂ ನೀರು, ಕಲ್ಲು ಮಾತ್ರ ಬೇರೆಯೇ ಹೇಳುತ್ತಿದೆ! ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ, ಸುಮಾರು 20,000 ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಮಲ್ಪೆಯಿಂದ ಇಲ್ಲಿಗೆ ನಡೆದೇ ಬರಬಹುದಿತ್ತು, ಬೋಟಿನವರ ಹಂಗೂ ಇರುತ್ತಿರಲಿಲ್ಲ.

ತೆಂಗಿನ ಮರದ ನೆರಳಲ್ಲಿ ಕೂತು ಇದೆಲ್ಲ ಕೇಳುತ್ತಿದ್ದ ಒಬ್ಬ ಅಜ್ಜ, ಮೊಮ್ಮಕ್ಕಳ ಜೊತೆ ಬಂದವರು, ಮಧ್ಯೆ ಬಾಯಿ ಹಾಕಿದರು. "ಎಂತ ಮಾರಾಯ್ರೇ, ನಮ್ಮ ಬಾವಿ ತೋಡುವಾಗ ಮರುವಾಯಿ ಚಿಪ್ಪು ಸಿಕ್ಕಿತ್ತು. ಈಗಿನ ಹೊಳೆಯಿಂದ ಎಷ್ಟೋ ದೂರ ಉಂಟು ನಮ್ಮ ಮನೆ." ಮರುವಾಯಿ ಅಂದರೆ ಹೊಳೆಯ ಕೆಸರಲ್ಲಿ ಸಿಗುವ, ಎರಡು ಚಿಪ್ಪಿನ ನಡುವೆ ಬದುಕುವ ಜೀವಿ, ತಿನ್ನುತ್ತಾರೆ.

ಭಾವ ಎದ್ದು ಅವರ ಪಕ್ಕ ಹೋಗಿ ಕೂತರು. "ಚಿಪ್ಪು ಬಿಡಿ ಬಿಡಿ ಇತ್ತಾ, ಜೋಡಿ ಇತ್ತಾ?"

"ಜೋಡಿಯೇ. ಒಳಗೆ ಕಪ್ಪು ಕೆಸರು."

"ಇದ್ದಿಲು, ಮಡಕೆ ಚೂರು ಏನಾದರೂ?"

"ಇಲ್ಲಪ್ಪ."

ಇದರಲ್ಲಿ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮನುಷ್ಯರು ತಿಂದು ಎಸೆದಿದ್ದರೆ ಚಿಪ್ಪು ಬಿಡಿಸಿ ಬೇರೆಯಾಗಿರುತ್ತದೆ, ಜೊತೆಗೆ ಬೂದಿ, ಇದ್ದಿಲು, ಮೀನಿನ ಮುಳ್ಳು ಸಿಗಬಹುದು. ಎರಡು ಚಿಪ್ಪೂ ಮುಚ್ಚಿಕೊಂಡೇ ಕೆಸರಲ್ಲಿ ಕೂತಿದ್ದರೆ ಆ ಜೀವಿ ಬಹುಶಃ ಅಲ್ಲೇ ಬದುಕಿ ಅಲ್ಲೇ ಸತ್ತದ್ದು. ಮರುವಾಯಿಗೆ ಉಪ್ಪುನೀರು, ಸಿಹಿನೀರು ಕೂಡುವ ಅಳಿವೆಯ ಜಾಗ ಬೇಕು. ಹಾಗಾದರೆ ಅಜ್ಜನ ಅಂಗಳ ಒಂದು ಕಾಲಕ್ಕೆ ಹಿನ್ನೀರು! ಚಿಪ್ಪಿನ ವಯಸ್ಸನ್ನು ಕಾರ್ಬನ್ 14ರಿಂದ (ಜೀವಿ ಸತ್ತ ಮೇಲೆ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುವ ಒಂದು ಬಗೆಯ ಕಾರ್ಬನ್) ತಿಳಿಯಬಹುದು, ಆದರೆ ಸಮುದ್ರದ ನೀರಿನಲ್ಲಿ ಹಳೆಯ ಕಾರ್ಬನ್ ಬೆರೆತಿರುವುದರಿಂದ ಚಿಪ್ಪು ಇದ್ದುದಕ್ಕಿಂತ ಹಳೆಯದಾಗಿ ಕಾಣುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಕೆಸರಿನಲ್ಲಿ ಪರಾಗ ಉಳಿದಿದ್ದರೆ ಸುತ್ತ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಇತ್ತೇ, ಗದ್ದೆ ಇತ್ತೇ ಅನ್ನುವುದೂ ಗೊತ್ತಾಗುತ್ತದೆ.

ಅಜ್ಜ ಸುಮ್ನೆ ಒಪ್ಪಿಕೊಳ್ಳುವವರಲ್ಲ. "ಸುಣ್ಣ ಸುಡುವವರು ಹೊಳೆಯಿಂದ ಚಿಪ್ಪು ತಂದು ರಾಶಿ ಹಾಕ್ತಿದ್ದರು, ಅದು ಹೂತು ಹೋದದ್ದಾದರೆ?" ಒಳ್ಳೆ ಪ್ರಶ್ನೆ ಅಲ್ವಾ? ಸುಣ್ಣದ ರಾಶಿ ಮೇಲ್ಗಡೆಯೇ ಸಿಗಬೇಕು, ಬಾವಿಯ ಅಷ್ಟು ಕೆಳಗಿನ ಕಪ್ಪು ಕೆಸರಿಗೆ ಹೋಗುವುದು ಕಷ್ಟ ಅಂದರು ಭಾವ.

"ಆ ಚಿಪ್ಪು, ಕೆಸರು ಈಗ ಎಲ್ಲಿದೆ?"

"ಎಲ್ಲ ತೆಂಗಿನ ಬುಡಕ್ಕೆ ಹಾಕಿದೆವು."

ಭಾವ ತಲೆ ಚಚ್ಚಿಕೊಂಡರು. ಇನ್ನೊಂದು ಬಾವಿ ತೋಡುವಾಗ ತಿಳಿಸಿ ಅಂತ ನಂಬರ್ ಬರೆದು ಕೊಟ್ಟರು. ಅಜ್ಜ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು, "ಈಗ ನಳ್ಳಿ ನೀರು ಬಂದಿದೆ, ಬಾವಿ ಯಾರು ತೋಡ್ತಾರೆ?" ಅಂದರು.