ಕಡಿಮೆ ದುಡ್ಡಿಗೆ ಯಾವ ಸ್ಕೋಪ್? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಯುಗಾದಿ ಊಟಕ್ಕೆ ಕೂತರೂ ಈ ಪ್ರಶ್ನೆ ತಪ್ಪುವುದಿಲ್ಲ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಪಕ್ಕದವರು ಮೆಲ್ಲಗೆ ಬಾಗಿ, "ಅಲ್ಲಾ ಸಾರ್, ನೀವು ಶೂಟಿಂಗ್ ರೇಂಜಿಗೆ ಹೋಗ್ತೀರಂತಲ್ಲ, ಸಾವಿರ ಗಜಕ್ಕೆ ಹೊಡೆಯೋಕೆ ರೈಫಲ್ಲಿಗೆ ಕಡಿಮೆ ದುಡ್ಡಲ್ಲಿ ಯಾವ ಸ್ಕೋಪ್ ತಗೋಬಹುದು?" ಅನ್ನುತ್ತಾರೆ. ಒಂದು ಹೆಸರು ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನನಗೂ ಊಟ. ಆದರೆ ಎಷ್ಟು ದೂರಕ್ಕೆ, ಒಂದೇ ದೂರಕ್ಕೋ ಬೇರೆ ಬೇರೆ ದೂರಕ್ಕೋ ಅಂತ ನಾನು ವಾಪಸ್ ಕೇಳುತ್ತೇನೆ, ಅಷ್ಟರಲ್ಲಿ ಸಾರಿನ ಬಕೆಟ್ಟು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ಕೋಪ್ ಅಂದರೆ ರೈಫಲ್ ಮೇಲೆ ಕೂರಿಸಿ ಗುರಿ ನೋಡುವ ಕೊಳವೆ. ಆ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಗಿಸುತ್ತೇನೆ.

ನಾನು ಕೊಡಗಿನವನು, ಈಗ ಇರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಮನೆಯ ಕೋವಿಯ ನಳಿಕೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವನು. ಅಲ್ಲಿ ಸ್ಕೋಪಿನ ಮಾತೇ ಇರಲಿಲ್ಲ. ಒಲಿಂಪಿಕ್ಸ್‌ನಲ್ಲೂ ಇಲ್ಲ, ಅದು ಬಹಳ ಜನಕ್ಕೆ ಗೊತ್ತಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದದ್ದು ಸಣ್ಣ ತೂತಿನ ಸೈಟ್‌ನಲ್ಲಿ ನೋಡಿ. ಸ್ಕೋಪ್ ಬೇಕಾಗುವುದು ದೂರ ಬೆಳೆದಾಗ. ಫೀನಿಕ್ಸ್‌ನ ಉತ್ತರಕ್ಕೆ ಐ-17 ಹೆದ್ದಾರಿಯ ಪಕ್ಕ ಬೆನ್ ಏವರಿ ಅನ್ನುವ ಸರ್ಕಾರಿ ಶೂಟಿಂಗ್ ರೇಂಜ್ ಇದೆ. ಅಲ್ಲಿ ಸಾವಿರ ಗಜದ ಸಾಲಿದೆ. ಎಫ್-ಕ್ಲಾಸ್ ಅನ್ನುವ ಸ್ಪರ್ಧೆಯಲ್ಲಿ ಮಲಗಿಕೊಂಡು, ಸ್ಕೋಪ್ ಹಾಕಿದ ರೈಫಲ್‌ನಿಂದ ಹೊಡೆಯುತ್ತಾರೆ. ಸಾವಿರ ಗಜದಲ್ಲಿ ಹತ್ತು ಅಂಕದ ವೃತ್ತ ಹತ್ತು ಇಂಚು ಅಗಲ, ನಮ್ಮ ಊಟದ ತಟ್ಟೆಯಷ್ಟು.

ಮುಂದೆ ಹೋಗುವ ಮೊದಲು ಒಂದು ಮಾತು, ಯಾಕೆಂದರೆ ಕೇಳುವವರಲ್ಲಿ ಅರ್ಧ ಜನ ಎಚ್-1ಬಿ ವೀಸಾದವರು. ಆ ವೀಸಾದಲ್ಲಿರುವವರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆ ಇಲ್ಲ. ಮೊದಲು ಅದನ್ನು ವಕೀಲರ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ, ಸ್ಕೋಪ್ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ವಿಷಯಕ್ಕೆ ಬರೋಣ. ಸ್ಕೋಪ್ ಅಂದರೆ ದುರ್ಬೀನು ಅಂದುಕೊಂಡು ಅಂಗಡಿಗೆ ಹೋಗುವವರು ಮೋಸ ಹೋಗುತ್ತಾರೆ. ನಾನೂ ಹಾಗೇ ಹೋದವನು. ದೂರದ ಗುರಿಗೆ ಸ್ಕೋಪ್ ಮೊದಲು ಅಳತೆಗೋಲು, ಆಮೇಲೆ ದುರ್ಬೀನು. .308 ವಿಂಚೆಸ್ಟರ್‌ನಂಥ ರೈಫಲ್ಲನ್ನು 100 ಗಜಕ್ಕೆ ಜೀರೋ ಮಾಡಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿ, ಸಾವಿರ ಗಜಕ್ಕೆ ಹೊಡೆದರೆ ಗುಂಡು ಗುರಿಯಿಂದ ಹೆಚ್ಚುಕಡಿಮೆ 34 ಅಡಿ ಕೆಳಗೆ ಬೀಳುತ್ತದೆ. ಮೂರಂತಸ್ತಿನ ಮನೆಯಷ್ಟು. ಆ ಮೂರಂತಸ್ತನ್ನು ನೀವು ಸ್ಕೋಪಿನ ತಲೆಯ ಮೇಲಿರುವ ತಿರುಗಣಿಯಿಂದ, ಅಂದರೆ ಟರೆಟ್‌ನಿಂದ, ಕ್ಲಿಕ್ ಕ್ಲಿಕ್ ಎಣಿಸಿ ತುಂಬಬೇಕು. ನೂರು ಕ್ಲಿಕ್ ತಿರುಗಿಸಿದರೆ ಒಳಗಿನ ಗಾಜು ಸರಿಯಾಗಿ ನೂರು ಕ್ಲಿಕ್ಕಿನಷ್ಟೇ ಸರಿಯಬೇಕು, ವಾಪಸ್ ತಿರುಗಿಸಿದರೆ ಮೊದಲಿದ್ದ ಜಾಗಕ್ಕೇ ಬರಬೇಕು. ಅಗ್ಗದ ಸ್ಕೋಪಿನಲ್ಲಿ ಮೊದಲು ಕೈಕೊಡುವುದೇ ಇದು.

ನನ್ನ ಮೊದಲ ಸ್ಕೋಪಿನ ಮೇಲೆ 32 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಬರೆದಿತ್ತು. ಇನ್ನೂರು ಡಾಲರಿಗೆ 32 ಪಟ್ಟು! ಕಂಪನಿಯ ಹೆಸರು ಬೇಡ. ಮರುಭೂಮಿಯಲ್ಲಿ ಗೆಳೆಯರೆಲ್ಲ ಸೇರಿ ನಾನೂರು, ಆರುನೂರು, ಎಂಟುನೂರು ಗಜಗಳಲ್ಲಿ ಹನ್ನೆರಡು ಇಂಚಿನ ಉಕ್ಕಿನ ತಟ್ಟೆಗಳನ್ನು ನೇತುಹಾಕಿ ಹೊಡೆಯುತ್ತಿದ್ದೆವು. ನಾನೂರಕ್ಕೆ ಠಣ್ ಅನ್ನುತ್ತಿತ್ತು. ಆರುನೂರಕ್ಕೆ ತಟ್ಟೆಯ ಕೆಳಗಿನ ಅಂಚಿಗೆ ತಗುಲಿ ತಟ್ಟೆ ಸುತ್ತುತ್ತಿತ್ತು. ಎಂಟುನೂರಕ್ಕೆ ತಟ್ಟೆಯ ಕೆಳಗೆ ಮಣ್ಣು ಹಾರುತ್ತಿತ್ತು. ಮೂರು ತಿಂಗಳು ಗಾಳಿಯನ್ನು ಬೈದೆ, ಗುಂಡನ್ನು ಬೈದೆ, ಫೋನಿನಲ್ಲಿ ಲೆಕ್ಕ ಹೇಳುವ ಆ್ಯಪನ್ನು ಬದಲಿಸಿದೆ. ರೇಂಜಿನಲ್ಲಿ ಸಿಗುವ ಒಬ್ಬ ಹಿರಿಯರು, ನಿವೃತ್ತ ಮೆಷಿನಿಸ್ಟ್, ಒಂದು ದಿನ ನನ್ನ ಪಕ್ಕ ಕೂತು ನೋಡಿ, "ನಿನ್ನ ಅಳತೆ ಟೇಪು ಸರಿ ಇದೆಯಾ ನೋಡಿದ್ದೀಯಾ?" ಅಂದರು. ನನಗೆ ಅರ್ಥವಾಗಲಿಲ್ಲ.

ಮುಂದಿನ ವಾರ ಅವರೇ ತೋರಿಸಿಕೊಟ್ಟರು. ಒಂದು ಎತ್ತರದ ರಟ್ಟು. ಗಾರೆಯವರು ಗೋಡೆಗೆ ಇಳಿಬಿಡುವ ತೂಗುಗುಂಡಿನ ದಾರ ಹಿಡಿದು ಅದರ ಮೇಲೆ ನೆಟ್ಟಗೆ ಒಂದು ಗೆರೆ. ಕೆಳಗೆ ಒಂದು ಚುಕ್ಕೆ, ಅದರಿಂದ ಸರಿಯಾಗಿ 36 ಇಂಚು ಮೇಲೆ ಇನ್ನೊಂದು ಅಡ್ಡಗೆರೆ. ರಟ್ಟನ್ನು ಟೇಪಿನಿಂದ ಅಳೆದು 100 ಗಜಕ್ಕೆ ನಿಲ್ಲಿಸಿದೆವು. ಟರೆಟ್ಟಿನ ಅಳತೆ ಮಿಲ್, ಅಂದರೆ ದೂರದ ಸಾವಿರದಲ್ಲೊಂದು ಭಾಗ; ನೂರು ಗಜದಲ್ಲಿ 10 ಮಿಲ್ ಅಂದರೆ 36 ಇಂಚು. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಜೀರೋದಲ್ಲಿ ಮೂರು ಗುಂಡು ಹೊಡೆದೆ, ಮೂರೂ ಚುಕ್ಕೆಯ ಮೇಲೆಯೇ. ಟರೆಟ್ಟನ್ನು 10 ಮಿಲ್ ಮೇಲೆ ತಿರುಗಿಸಿ, ಅದೇ ಕೆಳಗಿನ ಚುಕ್ಕೆಗೇ ಗುರಿಯಿಟ್ಟು ಇನ್ನು ಮೂರು. ಅವು ಮೇಲಿನ ಗೆರೆಯ ಮೇಲೆ ಬೀಳಬೇಕಿತ್ತು. ಬಿದ್ದದ್ದು ಮೂವತ್ತನಾಲ್ಕೂವರೆ ಇಂಚಿಗೆ. ಒಂದೂವರೆ ಇಂಚು ಕಳ್ಳತನ! ನೂರು ಗಜದಲ್ಲಿ ಒಂದೂವರೆ ಇಂಚು ಏನು ಮಹಾ ಅನ್ನಬೇಡಿ. ಅದೇ ಲೆಕ್ಕದಲ್ಲಿ ಆರುನೂರು ಗಜಕ್ಕೆ ನಾಲ್ಕು ಇಂಚು ಕೆಳಗೆ, ಎಂಟುನೂರಕ್ಕೆ ಒಂಬತ್ತು ಇಂಚು ಕೆಳಗೆ. ಹನ್ನೆರಡು ಇಂಚಿನ ತಟ್ಟೆಯ ನಡುವಿನಿಂದ ಅಂಚಿಗೆ ಇರುವುದೇ ಆರು ಇಂಚು. ಮೂರು ತಿಂಗಳ ನನ್ನ ಗಾಳಿಯ ಪುರಾಣ ಅಲ್ಲಿಗೆ ಮುಗಿಯಿತು. ವಾಪಸ್ ಜೀರೋಗೆ ತಂದು ಹೊಡೆದಾಗ ಗುಂಡು ಚುಕ್ಕೆಯಿಂದ ಒಂದು ಇಂಚು ಪಕ್ಕಕ್ಕೆ ಬಿತ್ತು, ಆಗ ಹಿರಿಯರು ಏನೂ ಹೇಳದೆ ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಫಿಲ್ಟರ್ ಕಾಫಿ ಅಲ್ಲ, ಆದರೂ ಕುಡಿದೆ.

ಹಾಗಾಗಿ ಕಡಿಮೆ ದುಡ್ಡಿದ್ದವರು ಆ ದುಡ್ಡನ್ನು ಟರೆಟ್‌ಗೆ ಹಾಕಬೇಕು, ಪಟ್ಟುಗಳಿಗೆ ಹಾಕಬಾರದು. ಇದೇ ನನ್ನ ಉತ್ತರ. ಆದರೆ ನಾನು ವಾಪಸ್ ಕೇಳುವ ಪ್ರಶ್ನೆಗೂ ಇಲ್ಲಿ ಅರ್ಥವಿದೆ. ಎಫ್-ಕ್ಲಾಸ್‌ನಂತೆ ಒಂದೇ ದೂರಕ್ಕೆ ಹೊಡೆಯುವವರು ಮೊದಲ ಪರೀಕ್ಷಾ ಗುಂಡುಗಳಲ್ಲೇ ಎಷ್ಟು ಕೆಳಗೆ ಬಿತ್ತೆಂದು ನೋಡಿ ತಿದ್ದಿಕೊಳ್ಳುತ್ತಾರೆ. ಅವರ ಸ್ಕೋಪ್ ನೂರಕ್ಕೆ ಎರಡು ಮೂರು ತಪ್ಪು ತೋರಿಸಿದರೂ ನಡೆಯುತ್ತದೆ, ಅಲುಗಾಡದೆ ನಿಂತರೆ ಸಾಕು. ದೂರ ಬದಲಾಗುತ್ತಲೇ ಇರುವ ಉಕ್ಕಿನ ತಟ್ಟೆಗಳ ಆಟದಲ್ಲಿ ತಪ್ಪು ಟರೆಟ್ ಸರ್ವನಾಶ.

ಪಟ್ಟುಗಳ ಆಸೆ ಬಿಡಿಸುವುದು ಕಷ್ಟ. ಹತ್ತು ಪಟ್ಟಿನ ಸ್ಕೋಪಿನಲ್ಲಿ ಸಾವಿರ ಗಜದ ಗುರಿ ಬರಿಗಣ್ಣಿಗೆ ನೂರು ಗಜದಲ್ಲಿ ಇದ್ದಂತೆ ಕಾಣುತ್ತದೆ, ಯೋಚಿಸಿ ನೋಡಿದರೆ ಅದು ಕಡಿಮೆಯೇನಲ್ಲ. ಫೀನಿಕ್ಸ್‌ನಲ್ಲಿ ಬೇಸಿಗೆಯ ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಒಂಬತ್ತರ ಹೊತ್ತಿಗೆ ನೆಲ ಕಾದ ಕಾವಲಿ. ಅದರ ಮೇಲಿನ ಬಿಸಿಗಾಳಿ ಗುರಿಯನ್ನು ನೀರಿನಲ್ಲಿ ಬಿದ್ದ ಬಿಂಬದಂತೆ ಕುಣಿಸುತ್ತದೆ. ಪಟ್ಟು ಏರಿಸಿದಷ್ಟೂ ಕುಣಿತವೂ ದೊಡ್ಡದಾಗಿಯೇ ಕಾಣುತ್ತದೆ. 25 ಪಟ್ಟಿನ ಸ್ಕೋಪ್ ಇದ್ದವರೂ ಆ ಹೊತ್ತಿಗೆ 15ಕ್ಕೆ ಇಳಿಸಿಕೊಂಡಿರುತ್ತಾರೆ. ಬೆಳಕಿನ ಲೆಕ್ಕವೂ ಇದೆ: ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ. 50 ಮಿಲಿಮೀಟರ್ ಗಾಜನ್ನು 25 ಪಟ್ಟಿಗೆ ಏರಿಸಿದರೆ ಕಿಂಡಿ 2 ಮಿಲಿಮೀಟರ್. ತಲೆ ಚೂರು ಸರಿದರೆ ಕತ್ತಲು.

ಮಿಲ್ಲೋ ಎಂಓಎಯೋ ಅನ್ನುವುದು ಇನ್ನೊಂದು ಜಗಳ. ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ನೂರು ಗಜದಲ್ಲಿ 1.047 ಇಂಚು. ಮಿಲ್ ಅಂದರೆ ಸಾವಿರಕ್ಕೊಂದು: ಸಾವಿರ ಮೀಟರಿನಲ್ಲಿ ಒಂದು ಮೀಟರ್, ಸಾವಿರ ಗಜದಲ್ಲಿ ಒಂದು ಗಜ. ಶಾಲೆಯಲ್ಲಿ ಸೆಂಟಿಮೀಟರ್ ಕಲಿತು ಬಂದ ನಮಗೆ ಮಿಲ್ ಸಲೀಸು. ಯಾವುದಾದರೂ ಸರಿ, ಆದರೆ ಸ್ಕೋಪಿನ ಒಳಗೆ ಕಾಣುವ ಗುರಿಗೆರೆಗಳು ಮಿಲ್ಲಿನಲ್ಲಿದ್ದರೆ ಟರೆಟ್ಟೂ ಮಿಲ್ಲಿನಲ್ಲೇ ಇರಲಿ. ಗೆರೆ ಮಿಲ್, ಟರೆಟ್ ಎಂಓಎ ಇರುವ ಹಳೆಯ ಸ್ಕೋಪುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವು ಅಗ್ಗವಾಗಿರುವುದು ಸುಮ್ಮನೆ ಅಲ್ಲ. ಹಾಗೆಯೇ ಪಟ್ಟು ಬದಲಿಸಿದಾಗ ಗೆರೆಗಳೂ ಜೊತೆಗೆ ಹಿಗ್ಗಿ ಕುಗ್ಗುವ ಸ್ಕೋಪುಗಳಿವೆ, ಅವಕ್ಕೆ ಫಸ್ಟ್ ಫೋಕಲ್ ಪ್ಲೇನ್ ಅನ್ನುತ್ತಾರೆ. ಅದರಲ್ಲಿ ಯಾವ ಪಟ್ಟಿನಲ್ಲಿದ್ದರೂ ಒಂದು ಮಿಲ್ ಒಂದು ಮಿಲ್ಲೇ. ತಟ್ಟೆಗಳಿಗೆ ಹೊಡೆಯುವವರು ಅದನ್ನೇ ಆರಿಸಿ. ಕಾಗದದ ಗುರಿಯವರಿಗೆ ತೆಳುಗೆರೆಯ ಇನ್ನೊಂದು ಬಗೆಯೂ ಚೆನ್ನಾಗಿದೆ.

ಅಂಗಡಿಯಲ್ಲಿ ಯಾರೂ ಹೇಳದ ಲೆಕ್ಕ ಒಂದಿದೆ. ಟರೆಟ್ ಒಟ್ಟು ಎಷ್ಟು ತಿರುಗುತ್ತದೆ ಅನ್ನುವುದು. ಈ ಬೆಲೆಯ ಅನೇಕ ಸ್ಕೋಪುಗಳಲ್ಲಿ ಒಟ್ಟು ಎತ್ತರದ ಓಟ 19 ಮಿಲ್ ಆಸುಪಾಸು. ಜೀರೋ ನಡುವೆ ಕೂತರೆ ಮೇಲಕ್ಕೆ ಸಿಗುವುದು ಒಂಬತ್ತೂವರೆ. .308ಕ್ಕೆ ಸಾವಿರ ಗಜಕ್ಕೆ ಬೇಕಾದದ್ದು ಹನ್ನೊಂದೂವರೆ ಮಿಲ್ ಆಸುಪಾಸು. ಅಲ್ಲಿಗೆ ಒಂಬೈನೂರು ಗಜದ ಆಸುಪಾಸಿನಲ್ಲಿ ಟರೆಟ್ ಟಕ್ಕಂತ ನಿಲ್ಲುತ್ತದೆ! ಪರಿಹಾರ ದುಬಾರಿಯೇನಲ್ಲ: ಸ್ಕೋಪ್ ಕೂರುವ ಪಟ್ಟಿಯನ್ನು 20 ಎಂಓಎ ಓರೆ ಇರುವಂಥದ್ದು ಹಾಕಿದರೆ ಸುಮಾರು ಆರು ಮಿಲ್ ಹೆಚ್ಚಿಗೆ ಸಿಗುತ್ತದೆ. 6.5 ಕ್ರೀಡ್‌ಮೋರ್ ಅನ್ನುವ ಬಗೆಯ ಗುಂಡು ಹೊಡೆಯುವವರಿಗೆ ಗುಂಡು ಕಡಿಮೆ ಬೀಳುವುದರಿಂದ ಇಷ್ಟು ತಾಪತ್ರಯವಿಲ್ಲ, ಆದರೂ ಓರೆ ಪಟ್ಟಿ ಹಾಕಿಕೊಳ್ಳಿ.

ಪ್ಯಾರಲಾಕ್ಸ್ ತಿರುಗಣಿ, ಅಂದರೆ ಕಣ್ಣು ಸರಿದಾಗ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದನ್ನು ತಡೆಯುವ ತಿರುಗಣಿ, ಇರಲೇಬೇಕು. ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನು ಮಾತ್ರ ಆಚೀಚೆ ಆಡಿಸಿ. ಗೆರೆ ಗುರಿಯ ಮೇಲೆ ಈಜಾಡಿದರೆ ತಿರುಗಣಿಯನ್ನು ಇನ್ನಷ್ಟು ಹೊಂದಿಸಬೇಕು. ಅದರ ಮೇಲೆ ಬರೆದ ಸಂಖ್ಯೆಯನ್ನು ನಂಬಬೇಡಿ, ಕಣ್ಣನ್ನು ನಂಬಿ.

ಸರಿ, ಹೆಸರು ಬೇಕು ಅಂತೀರಿ. ಮುನ್ನೂರರಿಂದ ಐನೂರು ಡಾಲರ್ ಒಳಗೆ ನಾನು ಹೇಳುವುದು ಇವನ್ನೇ. ಎಸ್‌ಡಬ್ಲ್ಯುಎಫ್‌ಎ 10x42 (ಹತ್ತು ಪಟ್ಟು, ಮುಂದಿನ ಗಾಜು 42 ಮಿಲಿಮೀಟರ್), ಪಟ್ಟು ಬದಲಾಗದ, ಮಿಲಿಟರಿ ಸಾಮಾನಿನಂತೆ ಕಾಣುವ ಕರಿ ಕೊಳವೆ. ಚಂದವಿಲ್ಲ, ಟರೆಟ್ಟನ್ನು ವಾಪಸ್ ತಿರುಗಿಸುವಾಗ ಜೀರೋದಲ್ಲೇ ನಿಲ್ಲಿಸುವ ಜೀರೋ ಸ್ಟಾಪ್ ಇಲ್ಲ, ಪ್ಯಾರಲಾಕ್ಸ್ ತಿರುಗಣಿಯೂ ಪಕ್ಕದಲ್ಲಿಲ್ಲದೆ ಕಣ್ಣಿನ ಹತ್ತಿರ ಇದೆ, ಆದರೆ ಟರೆಟ್ ಹೇಳಿದ ಮಾತು ಕೇಳುತ್ತದೆ. ನನ್ನ ಎರಡನೇ ಸ್ಕೋಪ್ ಅದೇ, ಆ ರಟ್ಟಿನ ಮೇಲೆ ಅದು ಗೆರೆಗೇ ಬಿತ್ತು. ಪಟ್ಟು ಬೇಕೇ ಬೇಕು ಅನ್ನುವವರಿಗೆ ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್ 6-24x50, ಅಥವಾ ಆಥ್ಲಾನ್ ಆರ್ಗೋಸ್ ಬಿಟಿಆರ್ 6-24x50. ಎರಡೂ ಫಸ್ಟ್ ಫೋಕಲ್ ಪ್ಲೇನ್. ಆರ್ಗೋಸ್‌ನ ಎರಡನೇ ಪೀಳಿಗೆಯಲ್ಲಿ ಜೀರೋ ಸ್ಟಾಪ್ ಇದೆ, ಕೈ ಸೋತು ಒಂದು ಸುತ್ತು ಲೆಕ್ಕ ತಪ್ಪಿದವರಿಗೆ ಅದರ ಬೆಲೆ ಗೊತ್ತು. ವೋರ್ಟೆಕ್ಸ್‌ನವರ ವಾರಂಟಿ ರಸೀತಿ ಇಲ್ಲದಿದ್ದರೂ ನಡೆಯುತ್ತದೆ, ಮಾಲೀಕರು ಬದಲಾದರೂ ನಡೆಯುತ್ತದೆ, ಹಾಗಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳಲು ಅದು ಒಳ್ಳೆಯದು. ಆರ್ಕೆನ್ ಸ್ಕೋಪುಗಳ ಟರೆಟ್ಟಿನ ಕ್ಲಿಕ್ ಬೆರಳಿಗೆ ಹಿತ, ತೂಕ ಮಾತ್ರ ಹೆಗಲಿಗೆ ಅಹಿತ. ಮಲಗಿ ಹೊಡೆಯುವವರಿಗೆ ತೂಕದ ಚಿಂತೆಯಿಲ್ಲ. ಇವೆಲ್ಲವುಗಳ ಗಾಜು ಎರಡು ಮೂರು ಸಾವಿರ ಡಾಲರಿನ ನೈಟ್‌ಫೋರ್ಸ್ ಮುಂದೆ ಮಂಕು, ಪಟ್ಟು ಏರಿಸಿದಾಗ ಅಂಚಿನಲ್ಲಿ ನೇರಳೆ ಬಣ್ಣ ಕಾಣುತ್ತದೆ. ಕಾಣಲಿ ಬಿಡಿ. ಸಾವಿರ ಗಜದ ರಟ್ಟಿನಲ್ಲಿ ಗುಂಡಿನ ತೂತು ಹುಡುಕುವ ಕಷ್ಟ ನಿಮಗೆ ಬರುವುದಿಲ್ಲ, ಗುರಿಗಳ ಕೆಳಗಿನ ಹಳ್ಳದಲ್ಲಿ ಕೂತವರು ಗುರಿಯನ್ನು ಇಳಿಸಿ, ಗುರುತು ಚುಚ್ಚಿ ಮೇಲೆತ್ತಿ ತೋರಿಸುತ್ತಾರೆ.

ಯಾವ ಹೆಸರಿನದೇ ಆಗಲಿ, ತಂದ ವಾರವೇ ಆ ರಟ್ಟಿನ ಪರೀಕ್ಷೆ ಮಾಡಿ. ಒಂದೇ ಮಾದರಿಯಲ್ಲೂ ಒಂದು ಸರಿ, ಒಂದು ತಪ್ಪು ಬರುತ್ತದೆ. ತಪ್ಪು ಬಂದರೆ ವಾಪಸ್ ಕೊಡುವ ದಿನಗಳೊಳಗೆ ಕೊಟ್ಟುಬಿಡಿ. ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ರಿಂಗುಗಳಲ್ಲಿ ಜಿಪುಣತನ ಬೇಡ, ಅವುಗಳ ತಿರುಪನ್ನು ಕೈ ಅಂದಾಜಿನಲ್ಲಿ ಬಿಗಿಯದೆ ತಯಾರಕರು ಹೇಳಿದಷ್ಟಕ್ಕೇ ಟಾರ್ಕ್ ವ್ರೆಂಚ್‌ನಿಂದ ಬಿಗಿಯಿರಿ. ಸ್ಕೋಪನ್ನು ತೂಗುಗುಂಡಿನ ದಾರ ನೋಡಿ ನೆಟ್ಟಗೆ ಕೂರಿಸಿ. ಒಂದೇ ಒಂದು ಡಿಗ್ರಿ ಓರೆಯಾದರೂ ಆ 34 ಅಡಿ ತುಂಬುವಷ್ಟರಲ್ಲಿ ಗುಂಡು ಏಳು ಇಂಚು ಪಕ್ಕಕ್ಕೆ ಹೋಗಿರುತ್ತದೆ.

ಊರಿನಿಂದ ಬರುವ ಪ್ರಶ್ನೆ ಬೇರೆ. ಚಿಕ್ಕಪ್ಪ ಪ್ರತಿ ಸಲವೂ, "ಬರುವಾಗ ನನಗೂ ಒಂದು ಸ್ಕೋಪ್ ಹಿಡ್ಕೊಂಡು ಬಾ ಮಗ, ಬ್ಯಾಗಲ್ಲಿ ಮೂಲೆಯಲ್ಲಿಟ್ರೆ ಯಾರು ನೋಡ್ತಾರೆ" ಅನ್ನುತ್ತಾರೆ. ನೋಡುತ್ತಾರೆ ಚಿಕ್ಕಪ್ಪಾ. ಅಮೆರಿಕದಿಂದ ಭಾರತಕ್ಕೆ ರೈಫಲ್ ಸ್ಕೋಪ್ ಒಯ್ಯಲು ಇಲ್ಲಿಯ ಸರ್ಕಾರದ ರಫ್ತು ಲೈಸೆನ್ಸ್ ಬೇಕು, ಇಲ್ಲದೆ ತಂದರೆ ಅದು ಕಸ್ಟಮ್ಸ್ ದಂಡದಲ್ಲಿ ಮುಗಿಯುವ ಅಪರಾಧವಲ್ಲ. ಅವರ ಜೋಡಿ ನಳಿಕೆ ಕೋವಿಗೂ ತೆಂಗಿನಕಾಯಿಗೂ ನಡುವೆ ಸ್ಕೋಪ್ ಯಾಕೆ ಬೇಕು ಅನ್ನುವುದು ಕೇಳಲು ನನಗೆ ಧೈರ್ಯವಿಲ್ಲ. ಕಳೆದ ಸಲ ಚಾಕಲೇಟು ಕೊಟ್ಟು ತಪ್ಪಿಸಿಕೊಂಡೆ.

ಮೊನ್ನೆ ಕೇಳಿದವರೊಬ್ಬರು ಆರ್ಗೋಸ್ ತರಿಸಿದ್ದಾರೆ. ಶನಿವಾರ ಬೆಳಗ್ಗೆ ಆರಕ್ಕೆ ಬೆನ್ ಏವರಿಯ ಗೇಟಿನ ಹತ್ತಿರ ಸಿಗೋಣ ಅಂದಿದ್ದೇನೆ. ರಟ್ಟು ಅವರು ತರುತ್ತಾರೆ, ತೂಗುಗುಂಡು ಮತ್ತು ಟೇಪು ನನ್ನ ಕಾರಿನಲ್ಲೇ ಇವೆ.