ಅವಳೇನು ಮಳೆ ಕೇಳಿದ್ಲಾ?

ಹೊರಗೆ ವಿಪರೀತ ಚಳಿ ಅಂತ ಶನಿವಾರ ಅಮ್ಮನ್ನ ಮಿನಿಯಾಪೊಲಿಸ್‌ನ ಆರ್ಟ್ ಮ್ಯೂಸಿಯಂಗೆ ಕರ್ಕೊಂಡು ಹೋಗಿದ್ದೆ, ಟಿಕೆಟ್ ಇಲ್ಲ ಅಂದಿದ್ದಕ್ಕೇ ಅಮ್ಮಂಗೆ ಅರ್ಧ ಖುಷಿ. ಗೋಡೆ ತುಂಬೋ ಪೇಂಟಿಂಗ್‌ಗಳನ್ನೆಲ್ಲ ಹಾಗೇ ದಾಟಿ ಬಂದೋಳು ಒಂದು ಸಣ್ಣ ಚಿತ್ರದ ಮುಂದೆ ನಿಂತುಬಿಟ್ಲು. "ಇದೇನೇ ಇದು, ಕೋಳಿಗೆ ನವಿಲುಗರಿ! ಕೆಂಬೂತದ ಗಾದೆ ಇವರಿಗೂ ಗೊತ್ತಾ?"

ಅದು ಟರ್ಕಿ ಕೋಳಿ, ಅದಕ್ಕೊಂದು ಮದುವೆ ಉಂಗುರ ಬೇರೆ. ಅಂದ್ರೆ ಚಿತ್ರದಲ್ಲಿರೋಳ ಗಂಡ, ದುಡ್ಡಿನ ಕುಳ. ಪಕ್ಕದಲ್ಲಿ ಬೆತ್ತಲೆ ಕೂತು ಮೇಲಿಂದ ಸುರಿಯೋ ಚಿನ್ನದ ನಾಣ್ಯಗಳನ್ನ ಬಟ್ಟೆಲಿ ಹಿಡೀತಿರೋಳು ಪ್ಯಾರಿಸ್ಸಿನ ನಟಿ ಲಾಂಜ್. ಜಿರೊಡೆ ಅನ್ನೋ ಕಲಾವಿದ ಮೊದಲು ಬರೆದ ಭಾವಚಿತ್ರ ಅವಳಿಗೆ ಹಿಡಿಸ್ಲಿಲ್ಲ, ಪ್ರದರ್ಶನದಿಂದ ತೆಗೀರಿ ಅಂದ್ಲು, ದುಡ್ಡಲ್ಲೂ ಕೊಸರಾಡಿದ್ಲು. ಇವನು ಅದನ್ನ ಹರಿದು ಚೂರು ಮಾಡಿ ವಾಪಸ್ ಕಳಿಸಿ, 1799ರ ಅದೇ ಪ್ರದರ್ಶನ ಮುಗಿಯೋದ್ರೊಳಗೆ ಅವಳನ್ನ ಗ್ರೀಕ್ ಪುರಾಣದ ಡಾನೆ ಮಾಡಿ ಇದನ್ನ ತೂಗುಹಾಕ್ದ. ಕೈಯಲ್ಲಿ ಒಡೆದ ಕನ್ನಡಿ ಕೊಟ್ಟಿದಾನೆ ನೋಡಿ, ಎಂಥಾ ಸೇಡು. ಇವನ ಕೈಚಳಕ ಮಾತ್ರ ಅದ್ಭುತ, ಮೈಬಣ್ಣ ನೋಡಿದ್ರೆ ಮುಟ್ಟೋಣ ಅನ್ಸತ್ತೆ, ಅದೇ ಇನ್ನೂ ಸಿಟ್ಟು ಬರ್ಸತ್ತೆ.

ಡಾನೆ ಕಥೆ ಹೇಳ್ದೆ. ಅಪ್ಪನೇ ಮಗಳನ್ನ ಕೂಡಿಹಾಕಿದ್ದ, ಗ್ರೀಕ್ ದೇವತೆಗಳ ರಾಜ ಜ್ಯೂಸ್ ಚಿನ್ನದ ಮಳೆಯಾಗಿ ಒಳಗೆ ಇಳಿದು ಬಂದ ಅಂತ. ಅಮ್ಮ ಥಟ್ಟಂತ, "ಅವಳೇನು ಮಳೆ ಕೇಳಿದ್ಲಾ?"

ನಾಲ್ಕು ದಿನ ಆಯ್ತು, ಪಾತ್ರೆ ತೊಳೀವಾಗ, ಮೀಟಿಂಗಲ್ಲಿ, ಅದೇ ಮಾತು. ಇಂಗ್ಲೆಂಡಲ್ಲಿ ರೆನಾಲ್ಡ್ಸ್ ಅನ್ನೋ ಚಿತ್ರಕಾರ 1784ರಲ್ಲಿ ಸಾರಾ ಸಿಡನ್ಸ್ ಅನ್ನೋ ನಟೀನ ದುರಂತ ನಾಟಕದ ದೇವತೆ ಮಾಡಿ ಸಿಂಹಾಸನದ ಮೇಲೆ ಕೂರಿಸಿದ್ದ. ಅದೇ ಪುರಾಣದ ವೇಷ, ಬರೆಯೋನ ಮೂಡ್ ಚೆನ್ನಾಗಿದ್ರೆ ದೇವತೆ, ಬಿಲ್ ಬಾಕಿ ಇದ್ರೆ ಹಿಂಗೆ! ಈ ಲಾಂಜ್ ಫ್ರೆಂಚ್ ಕ್ರಾಂತಿ ಟೈಮಲ್ಲಿ, 1793ರಲ್ಲಿ, ಒಂದು ನಾಟಕ ಆಡಿದ್ದಕ್ಕೆ ಜೈಲು ನೋಡಿ ಬಂದೋಳು, ಆ ವೇಷದಲ್ಲಿ ಯಾಕೆ ಬರೀಲಿಲ್ಲ ಇವನು?

ದಾವಣಗೆರೆಲಿ ಕಂಪನಿ ನಾಟಕ ಕ್ಯಾಂಪ್ ಹಾಕಿದಾಗ ರಾತ್ರಿ ಮುಂದಿನ ಸಾಲಲ್ಲಿ ಶಿಳ್ಳೆ ಹೊಡೆದವರೇ ಬೆಳಿಗ್ಗೆ ಆ ಹೆಂಗಸರಿಗೆ ಬಾಡಿಗೆಗೆ ರೂಮ್ ಇಲ್ಲ ಅಂತಿದ್ರಂತೆ. ಕಾರಲ್ಲಿ ಅಮ್ಮ ಇದನ್ನ ಹೇಳಿದ್ಲು, ಇಷ್ಟು ವರ್ಷ ಯಾವತ್ತೂ ಹೇಳಿರ್ಲಿಲ್ಲ.

ನಿನ್ನೆ ಚಿಕ್ಕಮ್ಮಂಗೆ ಫೋನ್ ಮಾಡಿ ಮ್ಯೂಸಿಯಂ ವರದಿ ಒಪ್ಪಿಸ್ತಿದ್ಲು, "ಪಾಪ ಕಣೇ, ನಾಟಕದ ಹುಡುಗಿ, ಕೋಳಿ ಜೊತೆ ಕೂರ್ಸಿಬಿಟ್ಟಿದಾರೆ."