ಹಾರ್ನೆಟ್ ಹಡಗಿನ ಗುಟ್ಟು

ಏಪ್ರಿಲ್ 18, 2026, ಶನಿವಾರ

ಬೆಳಿಗ್ಗೆ ಜಾಲಹಳ್ಳಿಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಕಾಫಿ ಕುಡಿದು ಹನ್ನೊಂದಕ್ಕೆಲ್ಲ ಹೊರಡಬೇಕು ಅಂದುಕೊಂಡಿದ್ದೆ. ಹೊರಟಾಗ ಮೂರೂವರೆ. ಅಷ್ಟು ಹೊತ್ತೂ ಡೂಲಿಟಲ್ ದಾಳಿಯ ಮಾತೇ.

84 ವರ್ಷದ ಹಿಂದೆ, 1942ರಲ್ಲಿ, ಇದೇ ತಾರೀಕು, ಅವತ್ತೂ ಶನಿವಾರವೇ, ಅಮೆರಿಕದ 16 ಬಾಂಬರ್‌ಗಳು ಟೋಕಿಯೋ ಮತ್ತು ಸುತ್ತಲ ಊರುಗಳ ಮೇಲೆ ಬಾಂಬ್ ಹಾಕಿದವು. ಪರ್ಲ್ ಹಾರ್ಬರ್‌ನ ಅಮೆರಿಕನ್ ನೌಕಾನೆಲೆ ಮೇಲೆ ಜಪಾನ್ ದಾಳಿ ಮಾಡಿ ನಾಲ್ಕು ತಿಂಗಳು ಕಳೆದಿತ್ತು, ಅಷ್ಟೆ. ಚಿಕ್ಕಪ್ಪ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಅವರಿಗೆ ಈ ದಾಳಿ ಅಂದರೆ ಪ್ರಾಣ. ಆ ಬಾಂಬರ್ ಬಿ-25, ನೆಲದ ಮೇಲಿನ ರನ್‌ವೇಯಿಂದ ಹಾರಲು ಮಾಡಿದ ವಿಮಾನ. ಅದನ್ನು ಹಾರ್ನೆಟ್ ಅನ್ನುವ ವಿಮಾನವಾಹಕ ಹಡಗಿನ ಡೆಕ್ಕಿನಿಂದ ಹಾರಿಸಿದರು. ಮೊದಲು ಹೊರಟ, ದಾಳಿಯ ನಾಯಕ ಡೂಲಿಟಲ್ ಮುಂದೆ ಇದ್ದದ್ದು 467 ಅಡಿ ಜಾಗ. ಹಾರಬಹುದಿತ್ತು, ಆದರೆ ವಾಪಸ್ ಬಂದು ಅದೇ ಡೆಕ್ಕಿನ ಮೇಲೆ ಇಳಿಯುವಂತಿರಲಿಲ್ಲ. ಬಾಂಬ್ ಹಾಕಿ ಹಾಗೇ ಮುಂದಕ್ಕೆ ಹಾರಿ ಚೀನಾದಲ್ಲಿ ಇಳಿಯಬೇಕು.

"ವಿಮಾನ ಹೇಗೆ ಸಿದ್ಧ ಮಾಡಿದರು ನೋಡಮ್ಮ," ಅಂತ ಚಿಕ್ಕಪ್ಪ ಬೆರಳು ಮಡಚಿ ಲೆಕ್ಕ ಹೇಳಿದರು. ಹೊಟ್ಟೆಯ ಕೆಳಗಿನ ಗನ್ ಟರೆಟ್ ತೆಗೆದರು. ಆ ಜಾಗದಲ್ಲೂ ಪೆಟ್ರೋಲ್ ಟ್ಯಾಂಕ್ ಇಟ್ಟರು. 646 ಗ್ಯಾಲನ್ ಹಿಡಿಯುತ್ತಿದ್ದ ವಿಮಾನದಲ್ಲಿ 1,141 ಗ್ಯಾಲನ್ ತುಂಬಿಸಿದರು. ಬಾಲದಲ್ಲಿ ಗನ್ ಇರಲಿಲ್ಲ, ಅಲ್ಲಿ ಪೊರಕೆ ಕೋಲಿಗೆ ಕಪ್ಪು ಬಣ್ಣ ಬಳಿದು ಸಿಕ್ಕಿಸಿದರು, ದೂರದಿಂದ ಗನ್ನಿನ ಹಾಗೆ ಕಾಣಲಿ ಅಂತ. ಗುರಿ ನೋಡುವ ನಾರ್ಡನ್ ಯಂತ್ರ ಆಗ ಅಮೆರಿಕದ ದೊಡ್ಡ ಗುಟ್ಟು. ಅದು ಶತ್ರುವಿನ ಕೈಗೆ ಸಿಗಬಾರದು ಅಂತ ಬಿಚ್ಚಿಟ್ಟು, ಬದಲಿಗೆ ಅಲ್ಯೂಮಿನಿಯಂ ತುಂಡಿನ ಸಾಧನವೊಂದನ್ನು ತಾವೇ ಮಾಡಿಕೊಂಡರು. ಅದರ ಖರ್ಚು ಸುಮಾರು 20 ಸೆಂಟ್. ತಗ್ಗಿನಲ್ಲಿ ಹಾರಿ ಬಾಂಬ್ ಹಾಕೋಕೆ ಅದೇ ಒಳ್ಳೆಯದು ಅನ್ನುವುದನ್ನೂ ಚಿಕ್ಕಪ್ಪ ಸೇರಿಸಿದರು. ಫ್ಲಾರಿಡಾದಲ್ಲಿ ಸುಮಾರು ಮೂರು ವಾರ ಕಡಿಮೆ ಜಾಗದಲ್ಲಿ ಟೇಕಾಫ್ ಅಭ್ಯಾಸ ಮಾಡಿದ ಹುಡುಗರಿಗೂ ಎಲ್ಲಿಗೆ ಹೋಗ್ತೀವಿ ಅನ್ನೋದು ಗೊತ್ತಾಗಿದ್ದು ಹಡಗು ಸಮುದ್ರಕ್ಕೆ ಇಳಿದ ಮೇಲೆ.

ಇಲ್ಲೀವರೆಗೆ ಜಗಳ ಇಲ್ಲ. ಇಲ್ಲಿಂದ ಶುರು.

ಚೀನಾದಲ್ಲಿ ಅವರು ಇಳಿಯಬೇಕಿದ್ದ ಮುಖ್ಯ ನಿಲ್ದಾಣ ಚಚಿಯಾಂಗ್ ಪ್ರಾಂತದ ಕ್ಯೂಚೌ. ನಿಲ್ದಾಣ ಚೀನಾದ ನಾಯಕ ಚಿಯಾಂಗ್ ಕೈ-ಶೆಕ್ ಅವರದು. ಅವರಿಗೆ ಪೂರ್ತಿ ವಿಷಯ ಹೇಳಲಿಲ್ಲ. ಚೀನಾದ ರಾಜಧಾನಿಯಿಂದ ಗುಟ್ಟು ಸೋರುತ್ತದೆ ಅನ್ನುವುದು ಅಮೆರಿಕದ ಭಯ. ಸ್ವಲ್ಪ ಗೊತ್ತಾದ ಮೇಲೆ ಚಿಯಾಂಗ್ ಕೇಳಿದ್ದು ಒಂದೇ: ಮೇ ಕೊನೆವರೆಗೆ ತಡೀರಿ, ಆ ಭಾಗಕ್ಕೆ ನಮ್ಮ ಸೈನ್ಯ ಕಳಿಸಿಕೊಳ್ಳುತ್ತೇವೆ. ಜಪಾನ್ ಸೇಡಿಗೆ ಬಂದೇ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಆದರೆ ಹಡಗು ಹೊರಟಾಗಿತ್ತು. ತಡೆಯಲಿಲ್ಲ.

18ರ ಬೆಳಿಗ್ಗೆ ಜಪಾನಿನ ಕಾವಲು ದೋಣಿಯೊಂದು ಹಡಗುಗಳನ್ನು ನೋಡಿಬಿಟ್ಟಿತು. ರೇಡಿಯೋದಲ್ಲಿ ಸುದ್ದಿ ಕಳಿಸಿತು. ಅದನ್ನು ಮುಳುಗಿಸಿದರು, ಆದರೆ ಸುದ್ದಿ ಹೋಗಿಯಾಗಿತ್ತು. ಅಂದುಕೊಂಡಿದ್ದಕ್ಕಿಂತ ಹತ್ತು ಗಂಟೆ ಮುಂಚೆ, ಜಪಾನಿನಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲೇ ವಿಮಾನಗಳನ್ನು ಹಾರಿಸಬೇಕಾಯಿತು. ಹಡಗುಪಡೆಯ ಮುಖ್ಯಸ್ಥ ಹಾಲ್ಸಿ ಕೂಡಲೇ ಹಡಗು ತಿರುಗಿಸಿದರು. ವಿಮಾನಗಳು ಹೊರಟಿವೆ ಅಂತ ಚೀನಾದ ಕಡೆಗೆ ಹೋಗಬೇಕಿದ್ದ ಸೂಚನೆ ಹೋಗಲೇ ಇಲ್ಲ. ರೇಡಿಯೋ ಮಾತಾಡಿದರೆ ಹಡಗು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದಲ್ಲ.

ಹದಿಮೂರು ಗಂಟೆ ಹಾರಿದ ಹುಡುಗರು ರಾತ್ರಿ, ಮಳೆಯಲ್ಲಿ, ಪೆಟ್ರೋಲ್ ಮುಗಿಯುವ ಹೊತ್ತಿಗೆ ಚೀನಾ ತಲುಪಿದರು. ದಾರಿ ತೋರಿಸುವ ರೇಡಿಯೋ ಸಂಕೇತ ಕೆಳಗಿನಿಂದ ಬರಲಿಲ್ಲ. 15 ವಿಮಾನಗಳು ನೆಲಕ್ಕೋ ನೀರಿಗೋ ಬಿದ್ದವು. ಒಂದು ರಷ್ಯಾದ ವ್ಲಾಡಿವೋಸ್ಟಾಕ್‌ಗೆ ಹೋಗಿ ಸಿಕ್ಕಿಕೊಂಡಿತು. 80 ಜನರಲ್ಲಿ ಮೂವರು ಚೀನಾದಲ್ಲಿ ಇಳಿಯುವಾಗಲೇ ಸತ್ತರು. ಎಂಟು ಜನ ಜಪಾನಿನ ಕೈಗೆ ಸಿಕ್ಕರು, ಅವರಲ್ಲಿ ಮೂವರನ್ನು ಅಕ್ಟೋಬರ್‌ನಲ್ಲಿ ಗುಂಡಿಟ್ಟು ಕೊಂದರು, ಇನ್ನೊಬ್ಬರು ಸೆರೆಯಲ್ಲೇ ತೀರಿಕೊಂಡರು. ಚೀನಾದಲ್ಲಿ ಉಳಿದವರನ್ನು ಕಾಪಾಡಿದ್ದು ಅಲ್ಲಿನ ಹಳ್ಳಿ ಜನ. ಬಚ್ಚಿಟ್ಟರು, ಉಣ್ಣಿಸಿದರು, ಕಾಲು ಮುರಿದವರನ್ನು ಹೊತ್ತುಕೊಂಡು ಬೆಟ್ಟ ದಾಟಿಸಿದರು.

"ಹಾಲ್ಸಿ ಮಾಡಿದ್ದೇ ಸರಿ," ಅಂದರು ಚಿಕ್ಕಪ್ಪ. "ಎರಡು ವಿಮಾನವಾಹಕ ಹಡಗು, ಸಾವಿರಾರು ಜನ. ಆಗ ಅಮೆರಿಕದ ಹತ್ತಿರ ಇದ್ದಿದ್ದೇ ಅಷ್ಟು ಕಡಿಮೆ. ಅವು ಮುಳುಗಿದ್ದರೆ ಜೂನ್‌ನಲ್ಲಿ ಜಪಾನ್ ಜೊತೆ ಮಿಡ್‌ವೇ ಯುದ್ಧ ಯಾರು ಮಾಡ್ತಿದ್ರು?"

ಒಪ್ಪಿದೆ. ಮನಸಾರೆ ಒಪ್ಪಿದೆ. ಹೊರಡುವ ಮುಂಚಿನ ಗುಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ನನ್ನ ಸಂಕಟ ಆಮೇಲಿನದು.

ಮೇ ಮಧ್ಯದಲ್ಲಿ ಜಪಾನ್ ಸೈನ್ಯ ಚಚಿಯಾಂಗ್, ಚಿಯಾಂಗ್ಸಿ ಪ್ರಾಂತಗಳಿಗೆ ನುಗ್ಗಿತು. ಆ ನಿಲ್ದಾಣಗಳು ಇನ್ನು ಯಾರಿಗೂ ಸಿಗಬಾರದು ಅನ್ನುವುದು ಗುರಿ, ಜೊತೆಗೆ ಸೇಡು. ಪೈಲಟ್‌ಗಳು ಹೋಗುವಾಗ ಹಳ್ಳಿಯವರಿಗೆ ಪ್ರೀತಿಯಿಂದ ಕೊಟ್ಟು ಹೋದ ಪ್ಯಾರಾಚೂಟ್ ಬಟ್ಟೆ, ಕೈಗವಸು, ನಾಣ್ಯ ಯಾರ ಮನೆಯಲ್ಲಿ ಸಿಕ್ಕಿತೋ ಆ ಮನೆಯವರ ಕಥೆ ಮುಗಿಯಿತು. ಊರಿಗೆ ಊರೇ ಸುಟ್ಟರು. ಹೋಗುವಾಗ ಬಾವಿ, ಹೊಳೆಗಳಿಗೆ ಕಾಲರಾ, ಟೈಫಾಯ್ಡ್ ರೋಗಾಣು ಹಾಕಿ ಹೋದರು. ಸೆಪ್ಟೆಂಬರ್‌ವರೆಗೆ ನಡೆದ ಇದರಲ್ಲಿ ಸತ್ತವರು ಎರಡೂವರೆ ಲಕ್ಷ ಅನ್ನುವುದು ಚೀನಾದ ಲೆಕ್ಕ. ಟೋಕಿಯೋ ಮತ್ತು ಉಳಿದ ಊರುಗಳಲ್ಲಿ ಆ 16 ವಿಮಾನಗಳಿಂದ ಸತ್ತವರು ಸುಮಾರು 50.

ಅದೇ ಹೊತ್ತಿಗೆ ವಾಷಿಂಗ್ಟನ್‌ನಲ್ಲಿ ವಿಮಾನಗಳು ಎಲ್ಲಿಂದ ಬಂದವು ಅಂತ ಪತ್ರಕರ್ತರು ಕೇಳಿದ್ದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್, ಶಾಂಗ್ರಿಲಾದಿಂದ ಅಂದರು. ಕಾದಂಬರಿಯೊಂದರಲ್ಲಿ ಬರುವ ಕಲ್ಪನೆಯ ಊರು ಅದು. ಜನ ನಕ್ಕರು. ಪೂರ್ತಿ ವಿವರ ಅಮೆರಿಕದ ಜನಕ್ಕೆ ಹೇಳಿದ್ದು ಒಂದು ವರ್ಷ ಆದ ಮೇಲೆ, 1943ರ ಏಪ್ರಿಲ್‌ನಲ್ಲಿ.

"ಚಿಕ್ಕಪ್ಪ, ಎಂಟು ಜನ ಜಪಾನಿನ ಸೆರೆಯಲ್ಲಿದ್ದರು," ಅಂದೆ. "ಹಿಂಸೆ ಕೊಟ್ಟು ಎಲ್ಲಾ ಬಾಯಿ ಬಿಡಿಸಿದ್ದರು. ಹಾರ್ನೆಟ್ ಹೆಸರೂ ಅವರಿಗೆ ಗೊತ್ತಾಗಿತ್ತು. ಹಾಗಾದರೆ ಆಮೇಲಿನ ಗುಟ್ಟು ಯಾರಿಂದ? ಶತ್ರುವಿಗೆ ಗೊತ್ತು, ಅಮೆರಿಕದ ಜನಕ್ಕೆ ಗೊತ್ತಿಲ್ಲ. ದಾಳಿಗೂ ಜಪಾನ್ ಸೈನ್ಯ ಬರೋದಕ್ಕೂ ನಡುವೆ ಸುಮಾರು ಒಂದು ತಿಂಗಳಿತ್ತು. ಆ ಬಟ್ಟೆ, ನಾಣ್ಯ ಎಲ್ಲಾ ಸುಟ್ಟುಬಿಡಿ, ಊರು ಬಿಟ್ಟು ಹೋಗಿ ಅಂತ ಯಾರಾದರೂ ಮನೆಮನೆಗೆ ಹೋಗಿ ಹೇಳಬಾರದಿತ್ತಾ?"

ಚಿಕ್ಕಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಚಿಕ್ಕಮ್ಮ ಬಂದು ಕೋಡುಬಳೆ ಇಟ್ಟು ಹೋದರು.

"ಯಂತ್ರಕ್ಕೆ ಲಿಸ್ಟ್ ಇತ್ತು," ಅಂದರು ಆಮೇಲೆ. "ಏನು ಬಿಚ್ಚಬೇಕು, ಏನು ಶತ್ರುಗೆ ಸಿಗಬಾರದು, ಎಲ್ಲಾ ಯೋಚನೆ ಮಾಡಿದ್ರು. ನಾನೂ ಅಂಥ ಲಿಸ್ಟ್ ನೋಡಿಯೇ ಕೆಲಸ ಮಾಡಿದವನು. ಅದರಲ್ಲಿ ಊರಿನವರು ಅಂತ ಒಂದು ಸಾಲು ಇರಲ್ಲಮ್ಮ."

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕನ್ ವಾಯುಪಡೆಯ ರಿಪೇರಿ ಡಿಪೋ ಆಗಿದ್ದು, ಈ ದಾಳಿಯಲ್ಲಿ ಬದುಕಿದ ಕೆಲವರು ಕಲ್ಕತ್ತಕ್ಕೆ ಬಂದು ಬರ್ಮಾ ಕಡೆ ಮತ್ತೆ ಹಾರಿದ್ದು. ಡೂಲಿಟಲ್ ತನ್ನ ಎಲ್ಲಾ ವಿಮಾನ ಕಳೆದುಕೊಂಡೆ, ನನಗೆ ಕೋರ್ಟ್ ಮಾರ್ಷಲ್ ಆಗುತ್ತದೆ ಅಂದುಕೊಂಡಿದ್ದರಂತೆ. ಸಿಕ್ಕಿದ್ದು ಆ ದೇಶದ ಅತಿ ದೊಡ್ಡ ಶೌರ್ಯ ಪದಕ.

ಹೊರಡುವಾಗ ಚಿಕ್ಕಪ್ಪ ಒಳಗಿನಿಂದ ಒಂದು ಇನ್‌ಲ್ಯಾಂಡ್ ಪತ್ರ ತಂದರು. ಡಿಸೆಂಬರ್ 1971. ಅವರಿಗಾಗ ಇಪ್ಪತ್ತು ವರ್ಷ. ಯಾವ ನಿಲ್ದಾಣದಲ್ಲಿದ್ದೀನಿ ಅಂತ ಮನೆಗೆ ಬರೆಯುವಂತಿರಲಿಲ್ಲ, ವಿಳಾಸ ಬರೀ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಪತ್ರ ನನ್ನ ಅಜ್ಜಿಯದು. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲ, ಪಕ್ಕದ ಮನೆಯ ಮೇಷ್ಟರ ಕೈಲಿ ಬರೆಸಿದ್ದು.

"ಎಲ್ಲಿದ್ದೀಯ ಅಂತ ಕೇಳಬಾರದು ಅಂತೆ, ಕೇಳಲ್ಲ. ಅಲ್ಲಿ ಚಳಿ ಇದೆಯಾ ಅಷ್ಟು ಬರಿ, ಸ್ವೆಟರ್ ಕಳಿಸ್ತೀನಿ."

"ಬರೆದ್ರಾ ಚಿಕ್ಕಪ್ಪ?" ಅಂದೆ.

"ಇಲ್ಲ. ಚಳಿ ಇದೆ ಅಂದ್ರೂ ಊರು ಯಾವ ಕಡೆ ಅಂತ ಗೊತ್ತಾಗುತ್ತೆ ಅಂದಿದ್ರು ಸಾರ್ಜೆಂಟ್. ಅಮ್ಮ ಸ್ವೆಟರ್ ಕಳಿಸಿಯೇ ಬಿಟ್ಟಳು."